ಚರ್ಚ್ ಮದುವೆಯಲ್ಲಿ ಮುಹೂರ್ತ ಎಲ್ಲಿರುತ್ತೆ?

ನಮ್ಮ ಕಂಟೋನ್ಮೆಂಟ್ ಕಡೆಯ ಮದುವೆಗೆ ಆಫೀಸಿನ ಗೆಳೆಯರನ್ನು ಕರೆದರೆ ಮೊದಲು ಬರೋ ಪ್ರಶ್ನೆ, "ಮುಹೂರ್ತ ಎಷ್ಟೊತ್ತಿಗೆ?" ಕಾರ್ಡಿನಲ್ಲಿ ಸಂಜೆ ನಾಲ್ಕೂವರೆ ಅಂತ ಅಚ್ಚಾಗಿರುತ್ತೆ. ಅದು ಪಂಚಾಂಗ ನೋಡಿ ಇಟ್ಟ ಹೊತ್ತಲ್ಲ, ಚರ್ಚು ಮತ್ತು ರಿಸೆಪ್ಷನ್ ಹಾಲು ಎರಡೂ ಒಟ್ಟಿಗೆ ಖಾಲಿ ಸಿಕ್ಕ ಹೊತ್ತು. ಎರಡನೇ ಪ್ರಶ್ನೆ ಬರೋದು ಚರ್ಚಿನ ಬೆಂಚಿನ ಮೇಲೆ ಕೂತಾಗ, ಮೆಲ್ಲಗೆ, ಕಿವಿಯಲ್ಲಿ: "ಈಗ ಆಯ್ತಾ ಮದುವೆ?" ಹುಡುಗಿ ಒಳಗೆ ನಡೆದು ಬಂದಾಗ ಒಬ್ಬರು ಕೇಳ್ತಾರೆ, ಉಂಗುರ ತೊಡಿಸಿದಾಗ ಇನ್ನೊಬ್ಬರು, ತಾಳಿ ಕಟ್ಟಿದಾಗ ಎಲ್ಲರೂ. ಗಟ್ಟಿಮೇಳ ಇಲ್ಲ, "ಅಕ್ಷತೆ ಹಾಕಿ" ಅಂತ ಕೂಗೋ ಪುರೋಹಿತರಿಲ್ಲ. ಪಾಪ, ಗೊತ್ತಾಗೋದಾದ್ರೂ ಹೇಗೆ?

ಈ ಎರಡನೇ ಪ್ರಶ್ನೆ ಸಣ್ಣದಲ್ಲ. ಯೂರೋಪಿನ ಪಂಡಿತರು ಶತಮಾನಗಟ್ಟಲೆ ಇದರ ಮೇಲೆ ಜಗಳ ಆಡಿದ್ದಾರೆ. ಅವರು ಕೊನೆಗೆ ಕೊಟ್ಟ ಉತ್ತರ ಕೇಳಿದರೆ ಆಶ್ಚರ್ಯ ಆಗುತ್ತೆ: ಮದುವೆ ಮಾಡಿಸೋದು ಫಾದರ್ ಅಲ್ಲ. ಹುಡುಗ, ಹುಡುಗಿ ಒಬ್ಬರಿಗೊಬ್ಬರು ಬಾಯಿಬಿಟ್ಟು "ಒಪ್ಪಿದ್ದೇನೆ" ಅಂದ ಕ್ಷಣಕ್ಕೆ ಮದುವೆ ಆಯ್ತು. ಬೆಂಗಳೂರಿನ ಬಹುಪಾಲು ಚರ್ಚುಗಳು ಅನುಸರಿಸುವ ಲ್ಯಾಟಿನ್ ಸಂಪ್ರದಾಯದಲ್ಲಿ ಈ ಸಂಸ್ಕಾರವನ್ನು ನಡೆಸುವವರೇ ವಧೂವರರು. ಫಾದರ್ ಅಲ್ಲಿ ನಿಂತಿರೋದು ಸಭೆಯ ಪರವಾಗಿ ಆ ಒಪ್ಪಿಗೆಯನ್ನು ಕೇಳಿ ಪಡೆಯೋಕೆ.

ಹಾಗಾದರೆ ನೀವು ಕಾಯಬೇಕಾದ ಜಾಗ ಯಾವುದು? ಮೊದಲು ಹಾಡು, ಆಮೇಲೆ ಬೈಬಲ್ ವಾಚನಗಳು, ಆಮೇಲೆ ಫಾದರ್ ಅವರ ಪ್ರಬೋಧನೆ. ಇಲ್ಲಿಯವರೆಗೆ ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತರೆ ಸಾಕು. ಪ್ರಬೋಧನೆ ಮುಗಿದ ಮೇಲೆ ಫಾದರ್ ಇಬ್ಬರನ್ನೂ ಮೂರು ವಿಷಯ ಕೇಳ್ತಾರೆ: ಯಾರ ಬಲವಂತವೂ ಇಲ್ಲದೆ ಬಂದಿದ್ದೀರಾ? ಬದುಕಿರುವಷ್ಟು ಕಾಲ ಒಬ್ಬರನ್ನೊಬ್ಬರು ಪ್ರೀತಿಸಿ ಗೌರವಿಸ್ತೀರಾ? ಮಕ್ಕಳನ್ನು ದೇವರ ಕೊಡುಗೆಯಾಗಿ ಸ್ವೀಕರಿಸ್ತೀರಾ? ವಯಸ್ಸಾದವರ ಮದುವೆಯಾದರೆ ಮೂರನೆಯದನ್ನು ಬಿಡೋದುಂಟು. ನಂತರ ಇಬ್ಬರೂ ಬಲಗೈ ಹಿಡಿದು, ಸುಖದಲ್ಲೂ ಕಷ್ಟದಲ್ಲೂ, ಕಾಯಿಲೆಯಲ್ಲೂ ಆರೋಗ್ಯದಲ್ಲೂ ಜೊತೆಗಿರ್ತೀನಿ ಅಂತ ಮಾತು ಕೊಡ್ತಾರೆ. ಅದೇ ಮುಹೂರ್ತ. ಫೋನ್ ಎತ್ತಿ ಫೋಟೊ ತೆಗೆಯೋ ಬದಲು ಅಲ್ಲಿ ಕಿವಿ ಕೊಡಿ. ಉಂಗುರ, ತಾಳಿ ಎರಡೂ ಆಮೇಲೆ, ಆ ಮಾತಿನ ಗುರುತಾಗಿ ಬರ್ತವೆ.

ಸಿನಿಮಾದಲ್ಲಿ ನೋಡಿದ್ದನ್ನು ಇಲ್ಲಿ ಹುಡುಕಬೇಡಿ. "ಆಕ್ಷೇಪ ಇರೋರು ಈಗಲೇ ಹೇಳಿ" ಅನ್ನೋ ಡೈಲಾಗ್ ಇಂಗ್ಲೆಂಡಿನ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದ್ದು, ನಮ್ಮ ವಿಧಿಯಲ್ಲಿಲ್ಲ. ಮುತ್ತು ಕೊಡಿ ಅಂತ ಫಾದರ್ ಹೇಳಬೇಕು ಅನ್ನೋ ನಿಯಮವೂ ಇಲ್ಲ. ಅಪ್ಪ ಮಗಳನ್ನು ಕರೆತಂದು ಅಳಿಯನ ಕೈಗೆ ಒಪ್ಪಿಸೋದು ಎಲ್ಲ ಕಡೆ ನಡೆಯುತ್ತೆ, ಆದರೆ ಅದೂ ಇಂಗ್ಲಿಷ್ ರೂಢಿಯೇ. ಕ್ಯಾಥೊಲಿಕ್ ವಿಧಿಯಲ್ಲಿ ಧಾರೆ ಎರೆಯೋದಕ್ಕೆ ಸಮನಾದ ಭಾಗವೇ ಇಲ್ಲ. ಯಾರೂ ಯಾರನ್ನೂ ದಾನ ಕೊಡೋದಿಲ್ಲ. ಬಿಳಿ ಗೌನು? ಅದು ಬೈಬಲಿನಿಂದ ಬಂದದ್ದಲ್ಲ. 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮದುವೆಗೆ ಬಿಳಿ ಉಟ್ಟಳು, ಅದು ಫ್ಯಾಷನ್ ಆಯ್ತು, ಹಡಗು ಹತ್ತಿ ಕಂಟೋನ್ಮೆಂಟಿಗೂ ಬಂತು. ಬಿಳಿ ಅಂದರೆ ವಿಧವೆಯ ಬಣ್ಣ ಅಂದುಕೊಂಡಿದ್ದ ಊರಿನಲ್ಲಿ ನಮ್ಮ ಅಜ್ಜಿಯರ ಕಾಲದವರು ಬಿಳಿ ಸೀರೆ ಉಟ್ಟು ಮದುವೆಯಾದರು.

ಈಗ ಇತಿಹಾಸಕ್ಕೆ ಬರೋಣ. 866ರಲ್ಲಿ ಬಲ್ಗೇರಿಯಾದವರು ಪೋಪ್ ಒಂದನೇ ನಿಕೋಲಸ್ ಅವರಿಗೆ ಪ್ರಶ್ನೆಗಳ ಪಟ್ಟಿಯನ್ನೇ ಕಳಿಸಿದ್ದರು. ಮದುವೆಗೆ ಯಾವ ಯಾವ ಶಾಸ್ತ್ರ ಕಡ್ಡಾಯ ಅನ್ನೋದೂ ಅದರಲ್ಲಿತ್ತು. ಪೋಪ್ ಕೊಟ್ಟ ಉತ್ತರದ ಸಾರ: ಉಂಗುರ, ವರದಕ್ಷಿಣೆ, ಕಿರೀಟ ಎಲ್ಲ ಇದ್ದರೆ ಇರಲಿ, ಇಬ್ಬರ ಒಪ್ಪಿಗೆ ಒಂದಿದ್ದರೆ ಮದುವೆ ಸಿಂಧು. ಅದಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ವ್ಯರ್ಥ.

ಕೇಳೋಕೆ ಚೆನ್ನಾಗಿದೆ, ಆದರೆ ಇದರಿಂದ ಒಂದು ಪೀಕಲಾಟ ಶುರುವಾಯ್ತು. ಒಪ್ಪಿಗೆಯೊಂದೇ ಸಾಕು ಅಂದರೆ ಹಿತ್ತಲಲ್ಲಿ, ಹೊಲದಲ್ಲಿ, ಯಾರಿಗೂ ಗೊತ್ತಿಲ್ಲದೆಯೂ ಮದುವೆ ಆಗಬಹುದು. ಆದವು ಕೂಡ. ಆಮೇಲೆ ಗಂಡಸು "ನಾನೆಲ್ಲಿ ಮಾತು ಕೊಟ್ಟೆ?" ಅಂತ ಜಾರಿಕೊಂಡು ಇನ್ನೊಬ್ಬಳನ್ನು ಊರೆಲ್ಲ ಕರೆದು ಮದುವೆಯಾಗ್ತಿದ್ದ. ಮೊದಲನೆಯವಳ ಹತ್ತಿರ ಸಾಕ್ಷಿ ಇರ್ತಿರಲಿಲ್ಲ. ಇದನ್ನು ನಿಲ್ಲಿಸೋಕೆ 1563ರ ನವೆಂಬರಿನಲ್ಲಿ ಟ್ರೆಂಟ್ ಮಹಾಸಭೆ ಒಂದು ಕಟ್ಟಳೆ ಮಾಡಿತು. ಮೂರು ಹಬ್ಬದ ದಿನಗಳಲ್ಲಿ ಪೂಜೆಯ ನಡುವೆ ಮದುವೆಯ ಪ್ರಕಟಣೆ ಓದಬೇಕು. ಧರ್ಮಕೇಂದ್ರದ ಗುರು ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಗೆ ಹೇಳಬೇಕು. ಹೆಸರು, ದಿನ, ಜಾಗ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಇವತ್ತು ನೀವು ಚರ್ಚಿನಲ್ಲಿ ನೋಡೋ ರಿಜಿಸ್ಟರ್ ಸಹಿಯ ಬೇರು ಅಲ್ಲಿದೆ. ಆ ಪ್ರಕಟಣೆಗೆ ನಾವು ಬ್ಯಾನ್ಸ್ ಅಂತೀವಿ, ತಮಿಳು ಮನೆಗಳಲ್ಲಿ ಓಲೆ ಓದೋದು ಅಂತಾರೆ. 1954ರ ವಿಶೇಷ ವಿವಾಹ ಕಾಯ್ದೆಯ 30 ದಿನಗಳ ನೋಟಿಸು ಕಂಡಾಗಲೆಲ್ಲ ನನಗೆ ಅದು ಈ ಬ್ಯಾನ್ಸಿನ ದೂರದ ತಂಗಿ ಅನ್ಸುತ್ತೆ.

ಅದೇ ಮಹಾಸಭೆಯಲ್ಲಿ ಇನ್ನೊಂದು ಜಗ್ಗಾಟ ನಡೀತು. ಅಪ್ಪ-ಅಮ್ಮನ ಅನುಮತಿ ಇಲ್ಲದ ಮದುವೆಯನ್ನು ರದ್ದು ಅಂತ ಘೋಷಿಸಿ ಅಂತ ಫ್ರಾನ್ಸ್ ಪಟ್ಟು ಹಿಡಿಯಿತು. 1556ರಲ್ಲೇ ಅಲ್ಲಿನ ರಾಜ ಎರಡನೇ ಹೆನ್ರಿ, ಮಗ 30 ದಾಟುವ ಮೊದಲು, ಮಗಳು 25 ದಾಟುವ ಮೊದಲು ಮನೆಯವರ ಒಪ್ಪಿಗೆ ಇಲ್ಲದೆ ಮದುವೆಯಾದರೆ ಆಸ್ತಿಯಿಂದ ಹೊರಗಿಡಬಹುದು ಅಂತ ಕಾನೂನು ತಂದಿದ್ದ. ಮಹಾಸಭೆ ಫ್ರಾನ್ಸಿನ ಮಾತಿಗೆ ಒಪ್ಪಲಿಲ್ಲ. ಅಂಥ ಮದುವೆ ನಮಗೆ ಇಷ್ಟವಿಲ್ಲ, ಆದರೆ ಅಸಿಂಧು ಅನ್ನೋದಕ್ಕೆ ಆಗೋಲ್ಲ ಅಂದಿತು. ನಾನೂರ ಅರವತ್ತು ವರ್ಷಗಳ ಹಿಂದೆ, ಮುದುಕರೇ ತುಂಬಿದ್ದ ಸಭೆಯೊಂದು ಈ ಗೆರೆ ಎಳೀತು ಅನ್ನೋದು ನನಗೆ ಈಗಲೂ ಸೋಜಿಗ.

ಒಪ್ಪಿಗೆಯೇ ಮದುವೆ ಅಂದಮೇಲೆ ಅದನ್ನು ಹೇಳೋ ಭಾಷೆ ಹೇಳುವವರಿಗೆ ಅರ್ಥ ಆಗಬೇಕಲ್ಲ? ಅದಕ್ಕೇ, ಪೂಜೆಯೆಲ್ಲ ಲ್ಯಾಟಿನಿನಲ್ಲಿದ್ದ ಕಾಲದಲ್ಲೂ, 1614ರ ರೋಮನ್ ವಿಧಿಪುಸ್ತಕ ಒಪ್ಪಿಗೆಯ ಪ್ರಶ್ನೆಯನ್ನು ಮಾತ್ರ ಜನರ ಆಡುಮಾತಿನಲ್ಲೇ ಕೇಳಿ ಅಂದಿತ್ತು. ಉಳಿದ ಭಾಗಕ್ಕೆ ಜನರ ಭಾಷೆ ಬಂದದ್ದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ದಾರಿ ಬಿಟ್ಟ ಮೇಲೆ. ಆದರೆ ಕಂಟೋನ್ಮೆಂಟಿನಲ್ಲಿ "ಜನರ ಭಾಷೆ" ಅಂದರೆ ಯಾವುದು? 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಕಟ್ಟಿದಾಗ ಅದರ ಹಿಂದೆ ಮದ್ರಾಸ್ ಕಡೆಯಿಂದ ತಮಿಳರು ಬಂದರು. ಅದಕ್ಕೂ ಮೊದಲೇ ಜಿಂಜಿ ಕಡೆಯಿಂದ ಬಂದ ಕ್ರೈಸ್ತರು ಬಿಳಿ ಅಕ್ಕಿ ಪಳ್ಳಿಯಲ್ಲಿ, ಅಂದರೆ ಮುಂದೆ ಬ್ಲ್ಯಾಕ್‌ಪಳ್ಳಿಯಾಗಿ ಈಗ ಶಿವಾಜಿನಗರವಾಗಿರುವ ಜಾಗದಲ್ಲಿ, ಕಾಣಿಕೆ ಮಾತೆಯ ಗುಡಿ ಕಟ್ಟಿಕೊಂಡಿದ್ದರು ಅಂತಾರೆ. 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠೆಯಾದ ಈಗಿನ ಸಂತ ಮೇರಿ ಬಸಿಲಿಕ ಅದರ ಮುಂದುವರಿಕೆ. ಕನ್ನಡದವರು, ಕೊಂಕಣಿಯವರು, ಮಲಯಾಳಿಗಳು, ಆಂಗ್ಲೋ-ಇಂಡಿಯನ್ನರು ಎಲ್ಲ ಇದೇ ಬೆಂಚುಗಳ ಮೇಲೆ ಕೂತರು. ಪೂಜೆ ಯಾವ ಭಾಷೆಯಲ್ಲಿ ಅನ್ನೋ ಕನ್ನಡ-ತಮಿಳು ಜಗಳ ಇಲ್ಲಿನ ಚರ್ಚುಗಳನ್ನು ದಶಕಗಟ್ಟಲೆ ಕಾಡಿದೆ. ಈಗ ಮದುಮಕ್ಕಳ ಮನೆಮಾತು ಬೇರೆ ಬೇರೆಯಾದರೆ ಇಂಗ್ಲಿಷಿಗೆ ರಾಜಿ. ನನಗೆ ಕೇಳಿದರೆ, ಪೂಜೆ ಯಾವ ಭಾಷೆಯಲ್ಲಾದರೂ ಇರಲಿ, ಮಾತು ಕೊಡೋದನ್ನು ಮಾತ್ರ ಇಬ್ಬರೂ ಜಗಳ ಆಡುವ ಭಾಷೆಯಲ್ಲಿ ಕೊಡಿ.

ಇನ್ನು ತಾಳಿ. "ನಿಮ್ಮಲ್ಲೂ ತಾಳಿ ಇದೆಯಾ?" ಅಂತ ಕಣ್ಣರಳಿಸೋರು ಇನ್ನೂ ಇದ್ದಾರೆ. ಇದೆ. ಅದು ಮೊನ್ನೆ ಮೊನ್ನೆ ಸೇರಿಸಿಕೊಂಡದ್ದೂ ಅಲ್ಲ. 1704ರಲ್ಲಿ ಪೋಪರ ಪ್ರತಿನಿಧಿ ಟೂರ್ನೋನ್ ಪುದುಚೇರಿಯಲ್ಲಿ ಕೂತು, ಮಧುರೆ, ಮೈಸೂರು, ಕರ್ನಾಟಿಕ್ ಮಿಷನ್ನುಗಳ ಜೆಸ್ವಿಟ್ ಪಾದ್ರಿಗಳಿಗೆ ನಿಷೇಧಗಳ ಪಟ್ಟಿ ಹೊರಡಿಸಿದರು. ಕ್ರೈಸ್ತ ಹೆಂಗಸರು ಪಿಳ್ಳೈಯಾರ್ ಚಿತ್ರವಿರೋ ತಾಳಿ ಹಾಕಬಾರದು, ಅರಿಶಿನ ಹಚ್ಚಿದ 108 ಎಳೆಯ ದಾರ ಬೇಡ, ಮದುವೆಯಲ್ಲಿ ತೆಂಗಿನಕಾಯಿ ಒಡೆಯೋದು ಬೇಡ. ಶಿಲುಬೆಯದೋ ಮಾತೆಯದೋ ಗುರುತಿರೋ ತಾಳಿಯಾದರೆ ಸರಿ. ಆ ರಾಜಿಯ ತಾಳಿಯನ್ನೇ ಇವತ್ತೂ ನೀವು ಶಿವಾಜಿನಗರದಲ್ಲಿ ನೋಡ್ತೀರಿ. ಆಯಾ ಪ್ರಾಂತ್ಯದ ಒಳ್ಳೆಯ ಪದ್ಧತಿಗಳನ್ನು ಉಳಿಸಿಕೊಳ್ಳಿ ಅಂತ ಅದೇ ಟ್ರೆಂಟ್ ಕಟ್ಟಳೆ ಹೇಳಿತ್ತು ಅನ್ನೋದು ಬೇರೆ ಮಾತು. ಈ ಕಡೆ ಗೋವೆಯಲ್ಲೂ 1736ರಲ್ಲಿ ಇನ್‌ಕ್ವಿಸಿಷನ್ ಕಚೇರಿ ಮದುವೆಯ ಅರಿಶಿನ, ವೀಳ್ಯ-ಅಡಿಕೆ, ಹಾಡುಗಳ ಮೇಲೆ ಕಣ್ಣು ಹಾಕಿತು. 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಟೂರ್ನೋನರ ನಿಷೇಧಗಳನ್ನು ಬಿಗಿ ಮಾಡಿದರು. ಅವುಗಳನ್ನು ಪಾಲಿಸ್ತೀವಿ ಅಂತ ಮಿಷನರಿಗಳು ಪ್ರಮಾಣ ಮಾಡಬೇಕಿತ್ತು. ಆ ಪ್ರಮಾಣವನ್ನು ರೋಮ್ ತೆಗೆದುಹಾಕಿದ್ದು 1940ರಲ್ಲಿ, ಬೆಂಗಳೂರು ಪ್ರತ್ಯೇಕ ಧರ್ಮಕ್ಷೇತ್ರವಾದ ವರ್ಷವೇ.

ಆಮೇಲೆ ಗಾಳಿ ತಿರುಗಿತು. 1967ರಲ್ಲಿ ಇದೇ ಕಂಟೋನ್ಮೆಂಟಿನ ಹಚಿನ್ಸ್ ರಸ್ತೆಯಲ್ಲಿ ಫಾದರ್ ಡಿ. ಎಸ್. ಅಮಲೋರ್ಪವದಾಸ್ ಎನ್‌ಬಿಸಿಎಲ್‌ಸಿ ಕೇಂದ್ರವನ್ನು ಕಟ್ಟಿದರು. 1969ರಲ್ಲಿ ಆರತಿ, ಕೈಮುಗಿದು ನಮಸ್ಕಾರ, ನೆಲದ ಮೇಲೆ ಕೂರೋದು ಮುಂತಾದ 12 ಅಂಶಗಳನ್ನು ಭಾರತದ ಪೂಜೆಗೆ ಸೇರಿಸಿಕೊಳ್ಳೋಕೆ ರೋಮ್ ಒಪ್ಪಿತು. ಹಾಗಾಗಿ ವಧೂವರರಿಗೆ ಆರತಿ ಎತ್ತಿದ್ದನ್ನು ಕಂಡು "ಇದು ನಮ್ಮದಲ್ವಾ?" ಅನ್ನಿಸಿದರೆ, ಹೌದು, ನಿಮ್ಮದೇ, ನಮ್ಮದೂ. ಮಂಗಳೂರಿನವರ ಮದುವೆಯಾದರೆ ಹಿಂದಿನ ದಿನ ರೋಸ್ ಶಾಸ್ತ್ರಕ್ಕೂ ಹೋಗಿ. ತೆಂಗಿನ ಹಾಲನ್ನು ಮದುಮಕ್ಕಳ ತಲೆಗೆ ಹಚ್ಚಿ ಹಾಡು ಹೇಳ್ತಾರೆ.

ಒಂದು ಮುಖ್ಯ ಸೂಚನೆ. ಕೊನೆಯಲ್ಲಿ ಎಲ್ಲರೂ ಸಾಲುಗಟ್ಟಿ ಮುಂದೆ ಹೋಗಿ ಏನೋ ತಿಂತಾರೆ. ಪ್ರಸಾದ ಅಂದುಕೊಂಡು ನಮ್ಮ ಗೆಳೆಯರೂ ಭಕ್ತಿಯಿಂದ ಎದ್ದು ಬಿಡ್ತಾರೆ. ಅದು ಪರಮಪ್ರಸಾದ, ಕ್ಯಾಥೊಲಿಕರು ಮಾತ್ರ ತಗೊಳ್ಳೋದು. ನೀವು ಕೂತಲ್ಲೇ ಇರಿ, ಯಾರೂ ತಪ್ಪು ತಿಳಿಯೋಲ್ಲ. ನಿಮ್ಮ ಪಾಲಿನ ಕೇಕು, ಬಿರಿಯಾನಿ ಹಾಲಿನಲ್ಲಿ ಕಾದಿರುತ್ತೆ. ಮದುಮಕ್ಕಳಲ್ಲಿ ಒಬ್ಬರು ಬೇರೆ ಧರ್ಮದವರಾದರೆ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಪಡೆದು ಚರ್ಚಿನಲ್ಲೇ ಮದುವೆಯಾಗಬಹುದು. ಸಾಮಾನ್ಯವಾಗಿ ಆಗ ಬಲಿಪೂಜೆ ಇರೋಲ್ಲ, ವಿಧಿ ಚಿಕ್ಕದು. ದೇಶದ ಕಾನೂನಿಗೂ ಅದು ಸರಿ: 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾದರೆ ಸಾಕು ಅನ್ನುತ್ತೆ.

ಕನ್ನಡದವರಿಗೆ ಈ ಒಪ್ಪಿಗೆಯ ಮಾತು ಹೊಸದೇನಲ್ಲ. ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದಲ್ಲೂ ಪುರೋಹಿತರಿಲ್ಲ, ವಧೂವರರೇ ನೆರೆದವರ ಮುಂದೆ ಪ್ರತಿಜ್ಞೆ ಮಾಡ್ತಾರೆ. 1966ರಲ್ಲಿ ತೇಜಸ್ವಿಯವರ ಮದುವೆ ಹಾಗೇ ಆಯ್ತು. ದಾರಿ ಬೇರೆ, ಉದ್ದೇಶವೂ ಬೇರೆ, ಆದರೆ ಮಾತು ಅದೇ: ಮದುವೆ ಆಗುವವರೇ ಮದುವೆ ಮಾಡಿಕೊಳ್ಳುವವರು.

ಇಷ್ಟೆಲ್ಲ ಹೆಮ್ಮೆಯಿಂದ ಹೇಳಿದ ಮೇಲೆ ನಮ್ಮ ಮನೆಗಳ ಕಡೆಗೂ ತಿರುಗಿ ನೋಡಬೇಕು. ಮ್ಯಾಟ್ರಿಮೋನಿ ಸೈಟಿನಲ್ಲಿ ಕ್ಯಾಥೊಲಿಕ್ ಅಂತ ಒತ್ತಿ ನೋಡಿ, ಅದರ ಕೆಳಗೂ ಜಾತಿಯ ಪಟ್ಟಿ ತೆರೆದುಕೊಳ್ಳುತ್ತೆ. ಒಂದೇ ಚರ್ಚು, ಒಂದೇ ಬೆಂಚು, ಆದರೆ ಸಂಬಂಧ ಮಾತ್ರ ಬೇಡ ಅನ್ನೋ ಮನೆಗಳನ್ನು ನಾನು ಹತ್ತಿರದಿಂದ ಬಲ್ಲೆ. "ಹುಡುಗ ಒಳ್ಳೆಯವನೇ, ಆದರೆ ನಮ್ಮೋರಲ್ಲ" ಅನ್ನೋ ಮಾತು ಐದು ಭಾಷೆಗಳಲ್ಲಿ ಕೇಳಿದೀನಿ. ಆಮೇಲೆ ಅಳು, ಉಪವಾಸ, ಅಮ್ಮನ ಬಿಪಿ. ಮಗಳು ಕೊನೆಗೆ ಮನೆಯವರು ತೋರಿಸಿದವನ ಪಕ್ಕ ನಿಲ್ತಾಳೆ. ಬಲವಂತ, ಭಯದಿಂದ ಕೊಟ್ಟ ಒಪ್ಪಿಗೆಯ ಮದುವೆ ಅಸಿಂಧು ಅಂತ 1983ರ ಧರ್ಮಸಭಾ ಸಂಹಿತೆ ನೇರವಾಗಿ ಹೇಳುತ್ತೆ. ಅಮ್ಮನ ಕಣ್ಣೀರು ಯಾವ ಲೆಕ್ಕಕ್ಕೆ ಅಂತ ಮಾತ್ರ ಯಾರೂ ಕೇಳೋದಿಲ್ಲ.

ಅದಕ್ಕೇ ಫಾದರ್ ಕೇಳುವ ಮೂರು ಪ್ರಶ್ನೆಗಳಲ್ಲಿ ನನಗೆ ಮೊದಲನೆಯದೇ ದೊಡ್ಡದು. ಯಾರ ಬಲವಂತವೂ ಇಲ್ಲದೆ ಬಂದಿದ್ದೀರಾ? ಬಹಳ ಸಲ ಉತ್ತರ ಥಟ್ಟನೆ, ಬಾಯಿಪಾಠದಂತೆ ಬರುತ್ತೆ, ಬ್ಯಾಂಡಿನವರು ಹೊರಗೆ ಟ್ರಂಪೆಟ್ ಒರೆಸ್ತಾ ಇರ್ತಾರೆ. ಆದರೆ ಆ ಒಂದು ಪ್ರಶ್ನೆಗೆ ಅಪ್ಪ, ಅಮ್ಮ, ಚಿಕ್ಕಪ್ಪ, ಫಾದರ್ ಯಾರೂ ಅವಳ ಪರವಾಗಿ ಉತ್ತರ ಕೊಡೋ ಹಾಗಿಲ್ಲ. ಅವಳೇ ಬಾಯಿ ತೆರೆಯಬೇಕು.