ಮರುಭೂಮಿಯ ಒರಳುಗಳು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಾಮ್ ಸ್ಪ್ರಿಂಗ್ಸ್ ಎಂದೊಂದು ಊರಿದೆ. ಹಾಲಿವುಡ್ ತಾರೆಯರು ವಿಹಾರಕ್ಕೆ ಬರುತ್ತಿದ್ದ ಊರೆಂದೇ ಅದಕ್ಕೆ ಹೆಸರು. ಲಾಸ್ ಏಂಜಲೀಸಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಫೆಬ್ರವರಿಯ ಒಂದು ದಿನ ಸೊಸೆ ನನ್ನನ್ನು ಅಲ್ಲಿನ ಕಣಿವೆಗಳಿಗೆ ಕರೆದೊಯ್ದಳು. ಅಲ್ಲಿ ಪ್ರವೇಶದ ಹಣ ಸರ್ಕಾರಕ್ಕೆ ಹೋಗುವುದಿಲ್ಲ. ನೆಲದ ಒಡೆಯರಾದ ಅಗ್ವಾ ಕ್ಯಾಲಿಯೆಂಟೆ ಕವೀಯ ಎಂಬ ಮೂಲನಿವಾಸಿ ಬುಡಕಟ್ಟಿಗೆ ಸೇರುತ್ತದೆ. ಆ ಒಡೆತನದ ಹಿಂದೆ ಹೆಂಗಸರ ದೊಡ್ಡ ಕಥೆಯೇ ಇದೆ.

ಪಾಮ್ ಕ್ಯಾನ್ಯನ್ ಸುಮಾರು 24 ಕಿಲೋಮೀಟರ್ ಉದ್ದದ ಕಣಿವೆ. ಎರಡು ಕಡೆಯೂ ಒಣಗಿದ ಕಲ್ಲುಬೆಟ್ಟ. ಕೆಳಗೆ ತೊರೆಯ ಪಕ್ಕ ಸಾಲುಸಾಲಾಗಿ ಬೀಸಣಿಗೆ ತಾಳೆಗಳು. ಒಣಗಿದ ಗರಿಗಳು ಉದುರದೆ ಕಾಂಡಕ್ಕೆ ಲಂಗ ಉಡಿಸಿದಂತೆ ಇಳಿಬಿದ್ದಿರುತ್ತವೆ. ನೀರಿನ ಸೆಲೆ ಇದ್ದಲ್ಲಿ ಮಾತ್ರ ಈ ಮರ ನಿಲ್ಲುತ್ತದೆ. ಪಕ್ಕದ ಆಂಡ್ರಿಯಾಸ್ ಕ್ಯಾನ್ಯನ್ನಿನ ಬಂಡೆಗಳಲ್ಲಿ ನಮ್ಮ ಒರಳಿನಂಥ ಗುಳಿಗಳಿವೆ. ತಲೆಮಾರುಗಳ ಕಾಲ ಕವೀಯ ಹೆಂಗಸರು ಓಕ್ ಕಾಯಿಗಳನ್ನು ಕುಟ್ಟಿ ಕುಟ್ಟಿ ಆದ ಗುಳಿಗಳು. ಆ ಹಿಟ್ಟನ್ನು ನೀರಿನಲ್ಲಿ ತೊಳೆದು ಕಹಿ ತೆಗೆದು ಗಂಜಿ ಕಾಯಿಸುತ್ತಿದ್ದರಂತೆ. ನಮ್ಮ ಬಳ್ಳಾರಿ ಜಾಲಿಯ ದಾಯಾದಿಯಾದ ಮೆಸ್ಕೀಟ್ ಮರದ ಸಿಹಿ ಕಾಯಿಯೂ ಅವರಿಗೆ ಆಹಾರ. ತಾಳೆಯ ಹಣ್ಣು ಹೊಟ್ಟೆಗಾದರೆ, ಗರಿ ಮನೆಯ ಚಾವಣಿಗೆ.

19ನೇ ಶತಮಾನದಲ್ಲಿ ರೈಲು ಬಂತು. ಸರ್ಕಾರ ನೆಲವನ್ನು ಒಂದೊಂದು ಚದರ ಮೈಲಿಯ ತುಂಡುಗಳಾಗಿ ಗುರುತಿಸಿ, ಬೆಸ ಸಂಖ್ಯೆಯವನ್ನು ರೈಲು ಕಂಪನಿಗೆ ಕೊಟ್ಟಿತು. 1876 ಮತ್ತು 1877ರಲ್ಲಿ ಸಮ ಸಂಖ್ಯೆಯ ತುಂಡುಗಳಲ್ಲಿ ಕೆಲವನ್ನು ಈ ಜನರಿಗೆಂದು ಮೀಸಲಿಟ್ಟಿತು. ಚದುರಂಗದ ಹಲಗೆಯಂತೆ ಹೋಳಾದ ನೆಲವನ್ನು ಅವರು ದೀರ್ಘಾವಧಿಗೆ ಗುತ್ತಿಗೆ ಕೊಡುವಂತೆಯೂ ಇರಲಿಲ್ಲ. ಐದೇ ವರ್ಷದ ಗುತ್ತಿಗೆಯ ಜಾಗದಲ್ಲಿ ಯಾರು ತಾನೇ ಭದ್ರವಾದ ಕಟ್ಟಡ ಕಟ್ಟಿಯಾರು? ನಡುವೂರಿನ ನೆಲ ಕೈಯಲ್ಲಿದ್ದೂ ಜನ ಬಡವರಾಗಿಯೇ ಉಳಿದರು.

1950ರ ದಶಕದಲ್ಲಿ ಬುಡಕಟ್ಟಿನ ಆಡಳಿತ ಮಂಡಳಿಯಲ್ಲಿ ಇದ್ದವರೆಲ್ಲ ಹೆಂಗಸರೇ. ಅಧ್ಯಕ್ಷೆ ವಯೋಲಾ ಓಲಿಂಜರ್. ಇವರು ವಾಷಿಂಗ್ಟನ್ನಿನವರೆಗೂ ಹೋಗಿ ವಾದಿಸಿದರು. 1959ರಲ್ಲಿ 99 ವರ್ಷಗಳ ಗುತ್ತಿಗೆಗೆ ಕಾನೂನಿನ ಒಪ್ಪಿಗೆ ದೊರಕಿತು.

ಆದರೆ ಅದೇ ವರ್ಷದ ಇನ್ನೊಂದು ಕಾನೂನಿನಿಂದ ಬಹುಮಂದಿಯ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ಪಾಲಕರನ್ನು ನೇಮಿಸಿತು. ಪಾಲಕರು ತಮ್ಮ ಶುಲ್ಕವೆಂದು ದೊಡ್ಡ ಮೊತ್ತಗಳನ್ನೇ ಮುರಿದುಕೊಂಡರು. ಹೆಣ್ಣುಮಕ್ಕಳು ಮಂಡಳಿ ನಡೆಸಬಲ್ಲರು, ವಾಷಿಂಗ್ಟನ್ನಿನಲ್ಲಿ ವಾದಿಸಬಲ್ಲರು. ಅವರ ಜನರಿಗೆ ಮಾತ್ರ ತಮ್ಮ ಹಣದ ಲೆಕ್ಕ ತಿಳಿಯದು! ಇದನ್ನು ಓದಿದಾಗ, ಸಂಬಳವಾದ ದಿನವೇ ಪಾಸ್‌ಬುಕ್ಕನ್ನು ಮನೆಯ ಗಂಡಸರಿಗೆ ಒಪ್ಪಿಸುತ್ತಿದ್ದ ನನ್ನ ಸಹೋದ್ಯೋಗಿಗಳು ಕಣ್ಣಮುಂದೆ ಬಂದರು. ಪತ್ರಕರ್ತ ಜಾರ್ಜ್ ರಿಂಗ್ವಾಲ್ಡ್ ಈ ಅನ್ಯಾಯವನ್ನು ಬಯಲಿಗೆಳೆದರು. ಅವರ ಪತ್ರಿಕೆಗೆ 1968ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ವರ್ಷ ಪಾಲಕರ ವ್ಯವಸ್ಥೆಯೂ ಕೊನೆಗೊಂಡಿತು.

ಈ ಕಥೆಗೆ ಇನ್ನೊಂದು ಮಗ್ಗುಲೂ ಇದೆ. ನೆಲಕ್ಕೆ ಬೆಲೆ ಏರಿದಂತೆ, ನಡುವೂರಿನ 14ನೇ ತುಂಡಿನಲ್ಲಿ ಬಾಡಿಗೆಗಿದ್ದ ಕಪ್ಪು ಮತ್ತು ಮೆಕ್ಸಿಕನ್ ಮೂಲದ ಬಡ ಕುಟುಂಬಗಳನ್ನು ಎಬ್ಬಿಸಲಾಯಿತು. ನಗರಾಡಳಿತ ಅವರ ಮನೆಗಳನ್ನು ಕೆಡವಿಸಿತು, ಸುಡಿಸಿತು. ಅದಕ್ಕಾಗಿ ನಗರ ಕ್ಷಮೆ ಕೇಳಿದ್ದು 2021ರಲ್ಲಿ. ಒಬ್ಬರಿಗೆ ಹಕ್ಕು ಬಂದ ಸಂತೋಷದಲ್ಲಿ ಮನೆ ಕಳೆದುಕೊಂಡ ಮತ್ತೊಬ್ಬರನ್ನು ಮರೆತರೆ ಇತಿಹಾಸದ ಪಾಠ ಅರ್ಧಕ್ಕೇ ನಿಲ್ಲುತ್ತದೆ.

ನೆಲದಡಿಯ ನೀರಿನಲ್ಲಿ ಈ ಬುಡಕಟ್ಟಿಗೆ ಹಕ್ಕಿದೆಯೆಂದು ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಎತ್ತಿಹಿಡಿಯಿತು. ಬಂಡೆಯಲ್ಲಿ ಒರಳು ತೋಡಿದಷ್ಟು ಕಾಲ ಆ ನೀರಿನ ಪಕ್ಕದಲ್ಲಿ ಬಾಳಿದವರು, ಅದು ತಮ್ಮದೂ ಹೌದೆಂದು ಹೇಳಿಸಿಕೊಳ್ಳಲು ಕೋರ್ಟು ಹತ್ತಬೇಕಾಯಿತು.