ಲೆಕ್ಕಕ್ಕೆ ಸಿಗದ ಗಂಡಸರು

ವಿವಾಹ ವಿಚ್ಛೇದನದ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾವಂತರು ಹೆಮ್ಮೆಯಿಂದ ಹೇಳುವುದುಂಟು: ಭಾರತದಲ್ಲಿ ಅದು ನೂರಕ್ಕೆ ಒಂದೂ ಇಲ್ಲ, ನಮ್ಮ ಸಂಸಾರಗಳು ಭದ್ರವಾಗಿವೆ. ನಾನು ಕನ್ನಡ ಪಾಠ ಹೇಳುವವನು. ಗಣಿತಕ್ಕೂ ನನಗೂ ಅಷ್ಟಕ್ಕಷ್ಟೆ. ಆದರೂ 2011ರ ಜನಗಣತಿಯ ಕೋಷ್ಟಕವನ್ನು ನೋಡುತ್ತಿದ್ದಾಗ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ವಿಚ್ಛೇದಿತರಲ್ಲಿ ಹೆಂಗಸರು ಸುಮಾರು 9 ಲಕ್ಷ, ಗಂಡಸರು ಅದರ ಅರ್ಧದಷ್ಟು. ಒಂದು ಮದುವೆ ಮುರಿದರೆ ಒಬ್ಬ ಗಂಡಸು, ಒಬ್ಬ ಹೆಂಗಸು ಹೊರಬೀಳಬೇಕಲ್ಲವೆ? ಉಳಿದ ಗಂಡಸರು ಎಲ್ಲಿ ಹೋದರು?

ಗಣತಿಯವರು ಕೇಳುವುದು ಇಂದಿನ ಸ್ಥಿತಿಯನ್ನು, ಹಿಂದಿನ ಕಥೆಯನ್ನಲ್ಲ. ಮತ್ತೆ ಹಸೆಮಣೆ ಏರಿದವನು ‘ವಿವಾಹಿತ’ನೇ ಆಗಿಬಿಡುತ್ತಾನೆ, ಮುರಿದ ಮದುವೆ ಕಾಗದದಿಂದ ಅಳಿಸಿಹೋಗುತ್ತದೆ. ಗಂಡ ವಯಸ್ಸಿನಲ್ಲಿ ಹಿರಿಯ, ಮೊದಲು ತೀರಿಕೊಳ್ಳುತ್ತಾನೆ ಎಂಬುದೂ ನಿಜವೇ. ಆದರೆ ಅಷ್ಟರಿಂದ ಲೆಕ್ಕ ಸರಿಹೋಗದು. ಎರಡನೆಯ ಹಸೆಮಣೆ ಹೆಂಗಸಿಗೆ ಅಷ್ಟು ಸುಲಭವಾಗಿ ಒದಗುವುದಿಲ್ಲ.

ಬ್ರಿಟಿಷರ ಕಾಲದ ಗಣತಿಗಳಲ್ಲಿ ಅವಳಿಗೆ ಒಂದು ಖಾನೆಯೂ ಇರಲಿಲ್ಲ. ಅವಿವಾಹಿತರು, ವಿವಾಹಿತರು, ಸಂಗಾತಿ ಸತ್ತವರು: ಇಷ್ಟೇ. ಬಿಡುಗಡೆ ಪಡೆದು ಮರುಮದುವೆಯಾಗದವರನ್ನು ಮೂರನೆಯ ಸಾಲಿಗೆ ಬರೆಯಬೇಕೆಂದು ಎಣಿಕೆದಾರರಿಗೆ ಸೂಚನೆ. ಗಂಡ ಪಕ್ಕದೂರಿನಲ್ಲಿ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದರೂ ಹೆಂಡತಿ ವಿಧವೆ! 1961ರ ಗಣತಿಯಲ್ಲಿ ಬೇರ್ಪಟ್ಟವರನ್ನೂ ವಿಚ್ಛೇದಿತರನ್ನೂ ಒಂದೇ ಗುಂಪಾಗಿ ಬರೆದುಕೊಂಡರು. ಎರಡನ್ನೂ ಬಿಡಿಸಿ ಎಣಿಸಿದ 2011ರಲ್ಲಿ ತಿಳಿದದ್ದೇನು? ವಿಚ್ಛೇದಿತರು 13 ಲಕ್ಷಕ್ಕೆ ಮೇಲ್ಪಟ್ಟು. ವಿಚ್ಛೇದನವಿಲ್ಲದೆಯೇ ಬೇರೆಯಾದವರು ಸುಮಾರು 35 ಲಕ್ಷ.

ನ್ಯಾಯಾಲಯದ ಕಡತಗಳನ್ನಾದರೂ ನಂಬೋಣವೆಂದರೆ ಅಲ್ಲೂ ತೊಡಕು. 1955ರ ಹಿಂದೂ ವಿವಾಹ ಕಾಯಿದೆ ವಿಚ್ಛೇದನಕ್ಕೆ ದಾರಿ ಮಾಡಿತು. ಜೊತೆಗೆ ಅದರ 29ನೆಯ ಕಲಮು ರೂಢಿಯ ಬಿಡುಗಡೆಯನ್ನೂ ಉಳಿಸಿಕೊಂಡಿತು. ನಮ್ಮ ಉತ್ತರದ ಜಿಲ್ಲೆಗಳ ಸೋಡಚೀಟಿ, ಹಲವು ಜಾತಿಗಳ ಉಡಿಕೆ, ಕೂಡಿಕೆ—ಈ ಮಾತುಗಳೆಲ್ಲ ಆ ಕಾಯಿದೆಗಿಂತ ಹಳೆಯವು. ಪಂಚರ ಮುಂದೆ ಮುಗಿದುಹೋದ ಬಿಡುಗಡೆ ಕೋರ್ಟಿನ ಅಂಕಿಗೆ ಸೇರುವುದು ಹೇಗೆ? ‘ಹಿಂದೆ ನಮ್ಮಲ್ಲಿ ಇದೆಲ್ಲ ಇರಲಿಲ್ಲ’ ಎನ್ನುವವರು ತಮ್ಮ ಬೀದಿಯೊಂದನ್ನೇ ನಾಡೆಂದು ತಿಳಿದವರು.

‘ಗಂಡ ಬಿಟ್ಟವಳು’ ಎಂಬ ಮಾತು ಊರೆಲ್ಲರ ಬಾಯಲ್ಲಿದೆ. ‘ಹೆಂಡತಿ ಬಿಟ್ಟವನು’ ಎಂಬುದನ್ನು ನಾನು ಕೇಳಿದ್ದು ಕಡಮೆ. 2011ರಲ್ಲಿ ಬೇರೆಯಾದವರೆಂದು ಬರೆಸಿದವರಲ್ಲೂ ಮೂವರಲ್ಲಿ ಇಬ್ಬರು ಹೆಂಗಸರೇ. ಬರೆಸದವರ ಮಾತು ಬೇರೆ. ಎಣಿಕೆದಾರ ಬಾಗಿಲಿಗೆ ಬಂದಾಗ, ವರ್ಷಗಳಿಂದ ತವರಿನಲ್ಲೇ ಉಳಿದ ಮಗಳ ವಿಷಯದಲ್ಲಿ ‘ಮದುವೆಯಾಗಿದೆ’ ಎಂದಷ್ಟೇ ಹೇಳಿ ಒಳಗೆ ನಡೆದ ತಂದೆಯರು ಎಷ್ಟು ಮಂದಿಯೋ.