ಮಿನಿಟೆಲ್: ಫ್ರಾನ್ಸಿನ ಗಣಕಜಾಲದ ಕಥೆ

1978ರಲ್ಲಿ ಸಿಮೋನ್ ನೋರಾ, ಅಲೇನ್ ಮ್ಯಾಂಕ್ ಎಂಬಿಬ್ಬರು ಅಧಿಕಾರಿಗಳು ಫ್ರಾನ್ಸಿನ ರಾಷ್ಟ್ರಾಧ್ಯಕ್ಷರಿಗೆ ಒಂದು ವರದಿಯನ್ನೊಪ್ಪಿಸಿದರು. ಗಣಕಯಂತ್ರವೂ ದೂರವಾಣಿಯೂ ಕೂಡಿ ಸಮಾಜವನ್ನೇ ಮಾರ್ಪಡಿಸುವುವು. ಅವು ಪರದೇಶದ ಕಂಪೆನಿಗಳ ವಶವಾದರೆ ರಾಷ್ಟ್ರದ ಸ್ವಾತಂತ್ರ್ಯಕ್ಕೆ ಕುಂದುಂಟಾಗುವುದೆಂಬುದು ಅದರ ತಾತ್ಪರ್ಯ.

ಸರಕಾರದ ದೂರವಾಣಿ ಇಲಾಖೆಯು ಹೂಡಿದ ಉಪಾಯವು ಸರಳವಾದುದು. ಚಂದಾದಾರರ ಹೆಸರುಗಳ ದಪ್ಪ ಪುಸ್ತಕಕ್ಕೆ ಬದಲಾಗಿ, ತೆರೆಯೂ ಕೀಲಿಮಣೆಯೂ ಉಳ್ಳ ‘ಮಿನಿಟೆಲ್’ ಎಂಬ ಪುಟ್ಟ ಯಂತ್ರವನ್ನು 1980ರ ದಶಕದಲ್ಲಿ ಮನೆಗಳಿಗೆ ಬೆಲೆಯಿಲ್ಲದೆ ಹಂಚಿತು. 1984ರಲ್ಲಿ ಏರ್ಪಟ್ಟ ಕ್ರಮದಂತೆ, ಬಳಸಿದ ಹೊತ್ತಿನ ಹಣವು ದೂರವಾಣಿಯ ಬಿಲ್ಲಿಗೇ ಸೇರುತ್ತಿದ್ದಿತು. ಇಲಾಖೆಯು ತನ್ನ ಪಾಲನ್ನುಳಿಸಿಕೊಂಡು ಮಿಕ್ಕುದನ್ನು ಸೇವೆ ನಡೆಸುವವರಿಗೆ ಸಲ್ಲಿಸುತ್ತಿದ್ದಿತು. ಕಾಲಕ್ರಮದಲ್ಲಿ ಸುಮಾರು 90 ಲಕ್ಷ ಯಂತ್ರಗಳು ಬಳಕೆಗೆ ಬಂದವು. ರೈಲಿನ ಟಿಕೆಟ್ಟು, ಬ್ಯಾಂಕಿನ ಲೆಕ್ಕ, ಅಪರಿಚಿತರೊಡನೆ ಸಲ್ಲಾಪ ಇವೆಲ್ಲವೂ ಮನೆಯಲ್ಲಿಯೇ ಲಭಿಸಿದುವು.

ಆದರೆ ಈ ಜಾಲವು ಒಂದೇ ದೇಶದ, ಒಂದೇ ಇಲಾಖೆಯ ಅಂಕೆಯಲ್ಲಿದ್ದಿತು. ಎಲ್ಲೆಯಿಲ್ಲದ ಅಂತರಜಾಲವು ಹಬ್ಬಿದಾಗಲೂ ಜನರು ಒಗ್ಗಿದುದನ್ನು ಬಿಡಲೊಲ್ಲದಾದರು. ಮಿನಿಟೆಲ್ಲೇ ಹೊಸತಕ್ಕೆ ಅಡ್ಡಿಯಾದೀತೆಂದು 1997ರಲ್ಲಿ ಪ್ರಧಾನಮಂತ್ರಿ ಜೋಸ್ಪಾಂ ಅವರೇ ಎಚ್ಚರಿಸಬೇಕಾಯಿತು. 2012ನೆಯ ಜೂನ್ 30ರಂದು ಅದು ನಿಂತುಹೋಯಿತು.

ಮಗುವನ್ನು ಕೈಹಿಡಿದು ನಡೆಯಿಸಿದ ತಾಯಿಗೆ ಕೈಬಿಡುವ ಹೊತ್ತೂ ತಿಳಿದಿರಬೇಕಲ್ಲವೆ?